ಬೈಲಿನ ಹೆಸರಿಗೊಂದು ಆ್ಯಪ್

“ಇದರಲ್ಲಿ ನಮ್ಮ ಕೆಳಗಿನ ಬೈಲಿನ ಹೆಸರು ಉಂಟಾ ಮಗಾ?”

ಮೊಮ್ಮಗಳ ಕೈಯಲ್ಲಿರುವ ಸ್ಮಾರ್ಟ್‌ಫೋನಿನ ನಕ್ಷೆಯನ್ನು ನೋಡುತ್ತ ಕಾಸರಗೋಡಿನ ಯಾವ ಅಜ್ಜಿಯಾದರೂ ಕೇಳಬಹುದಾದ ಪ್ರಶ್ನೆಯಿದು. ಉತ್ತರ ಬಹುಮಟ್ಟಿಗೆ ‘ಇಲ್ಲ’ ಎಂದೇ. ಆ ನಕ್ಷೆಯಲ್ಲಿ ಹೆದ್ದಾರಿಯಿದೆ, ಪೆಟ್ರೋಲ್ ಬಂಕ್ ಇದೆ, ಬ್ಯಾಂಕು ಇದೆ. ಆದರೆ ಮನೆಯ ಕೆಳಗಿನ ಬೈಲಿಗೆ, ಹಿಂದಿನ ಗುಡ್ಡೆಗೆ, ತೋಡಿಗೆ ಅಡ್ಡವಾಗಿ ವರ್ಷವರ್ಷವೂ ಹಾಕುವ ಕಟ್ಟಕ್ಕೆ, ಮುರಕಲ್ಲಿನ ಒಡಲನ್ನು ಕೊರೆದು ಹಿರಿಯರು ನೀರು ತಂದ ಸುರಂಗಕ್ಕೆ ಊರವರು ಇಟ್ಟ ಹೆಸರುಗಳಿಲ್ಲ. ಅವು ಇರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ.

ಇಂತಹ ಹೆಸರುಗಳನ್ನು ಕಾಪಿಡುವ ಆ್ಯಪೊಂದನ್ನು ಯಾವ ದೊಡ್ಡ ಕಂಪೆನಿಯೂ ತಯಾರಿಸಲಾರದು. ನೂರಿನ್ನೂರು ಮನೆಗಳಷ್ಟೇ ಬಳಸುವ ಸಾಧನಕ್ಕೆ ಮಾರುಕಟ್ಟೆಯಿಲ್ಲ. ಆದರೆ ಅದನ್ನು ಆ ಮೊಮ್ಮಗಳೇ ತಯಾರಿಸಬಲ್ಲಳು. ಆ್ಯಪ್ ಕಟ್ಟುವ ವಿದ್ಯೆಯನ್ನು ಹೊಸದಾಗಿ ಕಲಿಯುವವರಿಗೆ ಏನನ್ನು ಕಟ್ಟಬೇಕೆಂಬುದೇ ಮೊದಲ ತೊಡಕು. ಲೋಕದ ಎಲ್ಲರಿಗಾಗಿ ಏನನ್ನೋ ಮಾಡಲು ಹೊರಟವರು ಅರ್ಧದಲ್ಲೇ ಕೈಬಿಡುತ್ತಾರೆ. ಕಣ್ಣೆದುರಿನ ಒಬ್ಬರಿಗಾಗಿ ಮಾಡಲು ಹೊರಟವರು ಮುಗಿಸುತ್ತಾರೆ. ಗಡಿನಾಡಿನ ಕನ್ನಡಿಗರಿಗೆ ಇದು ಕಲಿಕೆಯ ಉಪಾಯವಷ್ಟೇ ಅಲ್ಲ, ಅಗತ್ಯವೂ ಹೌದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಊರ ಹೆಸರುಗಳು ಇಲ್ಲಿ ಬರಿಯ ಹೆಸರುಗಳಾಗಿ ಉಳಿದಿಲ್ಲ. ಕನ್ನಡದ ನಾಲಿಗೆಯಲ್ಲಿ ಮಂಜೇಶ್ವರವಾದದ್ದು ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ. ಕುಂಬಳೆ ಕುಂಬಳ ಆಗುತ್ತದೆ. ಕೆಲವು ಊರುಗಳ ಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಆತಂಕ 2021ರಲ್ಲಿ ಕರ್ನಾಟಕದಲ್ಲೂ ಪ್ರತಿಧ್ವನಿಸಿತು. ಅಂತಹ ಕ್ರಮವಿಲ್ಲವೆಂದು ಕೇರಳ ಸರಕಾರ ಹೇಳಿತು. ಊರುಗಳ ಹೆಸರಿಗಾಗಿ ದನಿಯೆತ್ತಲು ಸಂಘಗಳಿವೆ, ಪತ್ರಿಕೆಗಳಿವೆ. ಆದರೆ ಬೈಲು, ಮಜಲು, ಬೆಟ್ಟುಗಳ ಹೆಸರು ಯಾವ ವಿವಾದವೂ ಇಲ್ಲದೆ, ಯಾರ ಗಮನಕ್ಕೂ ಬಾರದೆ ಅಳಿಯುತ್ತದೆ. ಗದ್ದೆ ತೋಟವಾದಾಗ, ತೋಟ ಮನೆನಿವೇಶನವಾದಾಗ, ಹೆಸರು ಬಲ್ಲ ಕೊನೆಯ ಹಿರಿಯರು ತೀರಿಕೊಂಡಾಗ ಅದು ಇಲ್ಲವಾಗುತ್ತದೆ.

ಕಾಯುತ್ತ ಕೂತಿರುವ ಯಂತ್ರ

ಆ್ಯಪ್ ಎಂದರೆ ಫೋನು ಮಾಡಬೇಕಾದ ಕೆಲಸಗಳ ಸೂಚನಾಪಟ್ಟಿ. ಇದಕ್ಕೆ ಗಣಿತದಲ್ಲಿ ಅಸಾಮಾನ್ಯ ಪಾಂಡಿತ್ಯ ಬೇಕೆಂಬ ಭಯ ಅನೇಕರಿಗಿದೆ. ಮೊದಲ ಆ್ಯಪಿಗೆ ಕೂಡುವ ಕಳೆಯುವ ಲೆಕ್ಕಕ್ಕಿಂತ ಹೆಚ್ಚಿನದೇನೂ ಬೇಡ. ಬೇಕಾದುದು ‘ಯಾವಾಗ ಏನಾಗಬೇಕು’ ಎಂಬುದನ್ನು ಗೊಂದಲವಿಲ್ಲದೆ ಹೇಳುವ ಶಿಸ್ತು.

ಯಕ್ಷಗಾನವನ್ನು ಬಲ್ಲ ನಾಡಿಗೆ ಇದು ಸುಲಭವಾಗಿ ಅರ್ಥವಾದೀತು. ವೇಷಧಾರಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ ಚೌಕಿಯಲ್ಲಿ ಸಿದ್ಧನಾಗಿರುತ್ತಾನೆ. ತನ್ನ ಸಂದರ್ಭ ಬರುವವರೆಗೆ ರಂಗಕ್ಕೆ ಬರುವುದಿಲ್ಲ. ಬಂದಮೇಲೆ ಏನು ಮಾಡಬೇಕೆಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ. ಆ್ಯಪಿನ ಬಟನ್ ಕೂಡ ಹಾಗೆಯೇ. ಬೆರಳು ತಾಗುವವರೆಗೆ ಅದು ಸುಮ್ಮನಿರುತ್ತದೆ. ತಾಗಿದೊಡನೆ ತನಗೊಪ್ಪಿಸಿದ ಕೆಲಸವನ್ನು ಮಾಡುತ್ತದೆ. ವ್ಯತ್ಯಾಸವೆಂದರೆ, ವೇಷಧಾರಿ ಸಂದರ್ಭ ನೋಡಿ ಆಶುವಾಗಿ ಮಾತು ಕಟ್ಟಬಲ್ಲ. ಬಟನ್ ತನಗೆ ಹೇಳಿದ್ದನ್ನಷ್ಟೇ ಮಾಡಬಲ್ಲುದು. ಹೇಳಿದ್ದರಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ.

ಬ್ಲಾಕುಗಳ ದಾರಿ

ಈ ಸೂಚನೆಗಳನ್ನು ಬರೆಯುವುದಕ್ಕೆ ಹೊಸಬರಿಗೆ ಹೇಳಿಮಾಡಿಸಿದಂತಹ ಸಾಧನವೊಂದಿದೆ: ‘ಆ್ಯಪ್ ಇನ್ವೆಂಟರ್’. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಹಾಲ್ ಏಬಲ್‌ಸನ್ ಅವರ ಮುಂದಾಳ್ತನದಲ್ಲಿ ಗೂಗಲ್ ಇದನ್ನು ರೂಪಿಸಿ, 2010ರಲ್ಲಿ ಹೊರತಂದಿತು. 2011ರ ಕೊನೆಯಲ್ಲಿ ಗೂಗಲ್ ಈ ಸೇವೆಯನ್ನು ನಿಲ್ಲಿಸಿದಾಗ ಆ ಸಂಸ್ಥೆಯೇ ಹೊಣೆ ಹೊತ್ತು, 2012ರ ಮಾರ್ಚಿನಲ್ಲಿ ಮತ್ತೆ ಸಾರ್ವಜನಿಕರಿಗೆ ಒದಗಿಸಿತು. ಸಂಸ್ಥೆಯ ಹೆಸರಿನ ಸಂಕ್ಷೇಪ ಎಂ.ಐ.ಟಿ.; ಕರಾವಳಿಯವರು ಮಣಿಪಾಲದ ಕಾಲೇಜೆಂದು ಭಾವಿಸಬೇಕಾಗಿಲ್ಲ. ಬಳಕೆಗೆ ಶುಲ್ಕವಿಲ್ಲ.

ಇದರ ಹಿಂದಿರುವ ಕಲ್ಪನೆ ಹಳೆಯದು. ಮಕ್ಕಳು ಕಂಪ್ಯೂಟರಿಗೆ ಕಲಿಸುತ್ತ ತಾವೇ ಕಲಿಯಬೇಕೆಂಬ ಉದ್ದೇಶದಿಂದ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ‘ಲೋಗೋ’ ಎಂಬ ಭಾಷೆಯನ್ನು ರಚಿಸಿದರು. ಆ ಪರಂಪರೆಯಲ್ಲಿ 2007ರಲ್ಲಿ ‘ಸ್ಕ್ರ್ಯಾಚ್’ ಬಂದಿತು. ಅದರಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬರೆಯಬೇಕಾಗಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರಾಯಿತು. ಹೊಂದದ ತುಂಡುಗಳು ಕೂಡಿಕೊಳ್ಳುವುದೇ ಇಲ್ಲವಾದ್ದರಿಂದ ಅರ್ಧವಿರಾಮವೊಂದು ಬಿಟ್ಟುಹೋಗಿ ಇಡೀ ಪ್ರೋಗ್ರಾಂ ಕೆಡುವ ಕಾಟವಿಲ್ಲ. ಆ್ಯಪ್ ಇನ್ವೆಂಟರ್ ಇದೇ ಕ್ರಮವನ್ನು ಫೋನಿಗೆ ತಂದಿತು.

ಕೇರಳದ ಶಾಲೆಗಳಿಗೆ ಈ ದಾರಿ ಅಪರಿಚಿತವಲ್ಲ. 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಘಟಕಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಅನಿಮೇಶನ್, ಸ್ಕ್ರ್ಯಾಚ್‌ಗಳ ಜೊತೆಗೆ ಆ್ಯಪ್ ಇನ್ವೆಂಟರಿನ ಪರಿಚಯವೂ ದೊರೆಯುತ್ತದೆ. ಎಂಟನೆಯ ತರಗತಿಯಲ್ಲಿ ನಡೆಯುವ ಅಭಿರುಚಿ ಪರೀಕ್ಷೆಯ ಮೂಲಕ ಸದಸ್ಯರ ಆಯ್ಕೆಯಾಗುತ್ತದೆ. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಬಾಗಿಲು ತೆರೆದೇ ಇದೆ. ಒಳಹೊಕ್ಕವರು ಕನ್ನಡದಲ್ಲಿ ಏನನ್ನು ಕಟ್ಟುತ್ತಾರೆ ಎಂಬುದೇ ಪ್ರಶ್ನೆ. ಘಟಕದ ಸದಸ್ಯರಲ್ಲದವರಿಗೂ, ಶಾಲೆ ಬಿಟ್ಟು ವರ್ಷಗಳಾದವರಿಗೂ ಅಡ್ಡಿಯಿಲ್ಲ. ಬ್ರೌಸರ್ ಇರುವ ಒಂದು ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನು, ಇಂಟರ್ನೆಟ್ ಸಂಪರ್ಕ, ಇಷ್ಟಿದ್ದರೆ ಸಾಕು. ಕಟ್ಟುವ ಕೆಲಸಕ್ಕೆ ಫೋನಿನ ಪುಟ್ಟ ಪರದೆ ಸಾಲದು. ಲ್ಯಾಪ್‌ಟಾಪ್ ಮನೆಯಲ್ಲಿಲ್ಲದವರು ಶಾಲೆಯ ಲ್ಯಾಬನ್ನೋ ಗ್ರಂಥಾಲಯದ ಕಂಪ್ಯೂಟರನ್ನೋ ಆಶ್ರಯಿಸಬೇಕು.

ಮೊದಲು ಕಾಗದ

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ನೇರವಾಗಿ ಪರದೆಯ ಮುಂದೆ ಕೂರುವುದು. ಊರ ಹೆಸರಿನ ಆ್ಯಪ್ ಆರಂಭವಾಗಬೇಕಾದದ್ದು ಬರೆಯುವ ಪುಸ್ತಕದಲ್ಲಿ. ಮೊಮ್ಮಗಳು ಅಜ್ಜಿಯ ಬಳಿ ಕುಳಿತು ಇಪ್ಪತ್ತು ಹೆಸರುಗಳನ್ನು ಬರೆದುಕೊಳ್ಳಲಿ. ಪ್ರತಿಯೊಂದಕ್ಕೂ ನಾಲ್ಕು ಸಂಗತಿಗಳು: ಹೆಸರು, ಅದು ಎಲ್ಲಿದೆ, ಹೆಸರು ಹೇಗೆ ಬಂತೆಂದು ಊರವರು ಹೇಳುತ್ತಾರೆ, ಬೇರೆ ಭಾಷೆಯ ನೆರೆಯವರು ಏನೆಂದು ಕರೆಯುತ್ತಾರೆ. ಏಳು ಭಾಷೆಗಳ ಸಂಗಮವೆಂದು ಹೆಸರಾದ ನೆಲದಲ್ಲಿ ಒಂದೇ ಗುಡ್ಡೆಗೆ ಕನ್ನಡದಲ್ಲೊಂದು, ತುಳುವಿನಲ್ಲೊಂದು, ಮಲಯಾಳದಲ್ಲೊಂದು ಹೆಸರಿರುವುದು ಸಹಜ. ಎಲ್ಲವೂ ಪಕ್ಕಪಕ್ಕದಲ್ಲಿ ಇರಲಿ. ಒಂದು ಹೆಸರನ್ನು ಉಳಿಸುವುದಕ್ಕೆ ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಬಳಿಕ ಪರದೆಯ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮೇಲೆ ಊರಿನ ಹೆಸರು. ಅದರ ಕೆಳಗೆ ‘ಹೆಸರನ್ನು ಆರಿಸಿ’ ಎಂಬ ಬಟನ್. ಆರಿಸಿದ ಮೇಲೆ ಕಾಣಬೇಕಾದ ವಿವರಕ್ಕೆ ಖಾಲಿ ಜಾಗ. ಕೊನೆಯಲ್ಲಿ ‘ಕೇಳಿ’ ಎಂಬ ಇನ್ನೊಂದು ಬಟನ್. ಅದನ್ನೊತ್ತಿದರೆ ಆ ಹೆಸರು ಅಜ್ಜಿಯ ದನಿಯಲ್ಲೇ ಕೇಳಿಸಬೇಕು. ಮೊದಲ ಆ್ಯಪಿಗೆ ಇಷ್ಟು ಸಾಕು. ನಕ್ಷೆ, ಫೋಟೋ, ಊರವರೇ ಹೆಸರು ಸೇರಿಸುವ ಸೌಲಭ್ಯ, ಇವೆಲ್ಲ ಎರಡನೆಯ ಸಲಕ್ಕಿರಲಿ.

ಪರದೆಯಿಂದ ಬ್ಲಾಕಿಗೆ

ಆ್ಯಪ್ ಇನ್ವೆಂಟರಿನಲ್ಲಿ ಎರಡು ಅಂಕಣಗಳಿವೆ. ಒಂದು ‘ಡಿಸೈನರ್’, ಆ್ಯಪಿನ ಹೊರರೂಪ ಇಲ್ಲಿ ಸಿದ್ಧವಾಗುತ್ತದೆ. ಪಟ್ಟಿಯಿಂದ ಆರಿಸಲು ‘ಲಿಸ್ಟ್‌ಪಿಕರ್’, ಅಕ್ಷರಗಳನ್ನು ತೋರಿಸಲು ‘ಲೇಬಲ್’, ಒತ್ತಲು ‘ಬಟನ್’, ದನಿ ಕೇಳಿಸಲು ‘ಪ್ಲೇಯರ್’ ಎಂಬ ಬಿಡಿಭಾಗಗಳನ್ನು ಎಡಗಡೆಯಿಂದ ಎಳೆದು ಫೋನಿನ ಚಿತ್ರದ ಮೇಲೆ ಇಡಬೇಕು. ಸೂಚನೆಗಳು ಇಂಗ್ಲಿಷಿನಲ್ಲಿದ್ದರೂ ಬಟನ್ ಮತ್ತು ಲೇಬಲ್‌ಗಳ ಮೇಲಿನ ಬರಹ ಕನ್ನಡದಲ್ಲೇ ಇರಬಹುದು. ಪ್ರತಿ ಬಿಡಿಭಾಗಕ್ಕೂ ಅದರ ಕೆಲಸವನ್ನು ಸೂಚಿಸುವ ಹೆಸರನ್ನಿಡುವುದು ಒಳ್ಳೆಯದು. ‘ಬಟನ್ 1’, ‘ಬಟನ್ 2’ ಎಂದೇ ಬಿಟ್ಟರೆ ವಾರ ಕಳೆದ ಮೇಲೆ ಯಾವುದು ಯಾವುದೆಂದು ಕಟ್ಟಿದವರಿಗೇ ನೆನಪಿರದು. ಊರ ಹೆಸರನ್ನು ಉಳಿಸಲು ಹೊರಟವರು ಇಲ್ಲಿ ಹೆಸರಿಡುವ ಬೆಲೆಯನ್ನು ಇನ್ನೊಮ್ಮೆ ಅರಿಯುತ್ತಾರೆ.

ಇನ್ನೊಂದು ಅಂಕಣ ‘ಬ್ಲಾಕ್ಸ್’. ನಡವಳಿಕೆ ಸಿದ್ಧವಾಗುವುದು ಇಲ್ಲಿ. ‘ಲಿಸ್ಟ್‌ಪಿಕರ್‌ನಲ್ಲಿ ಆಯ್ಕೆಯಾದ ಬಳಿಕ’ ಎಂಬ ದೊಡ್ಡ ಬ್ಲಾಕಿನ ಬಾಯೊಳಗೆ ‘ಲೇಬಲಿನ ಬರಹವನ್ನು ಇದಕ್ಕೆ ಬದಲಿಸು’ ಎಂಬ ಬ್ಲಾಕನ್ನು ಇಟ್ಟು, ಅದರ ಬದಿಗೆ ‘ವಿವರಗಳ ಪಟ್ಟಿಯಿಂದ ಇಂತಿಷ್ಟನೆಯದನ್ನು ತೆಗೆದುಕೊ’ ಎಂಬುದನ್ನು ಸಿಕ್ಕಿಸಿದರೆ ಆ್ಯಪಿನ ಮುಖ್ಯಭಾಗ ಮುಗಿಯಿತು. ಹೆಸರುಗಳ ಪಟ್ಟಿಯಲ್ಲಿ ಮೂರನೆಯದನ್ನು ಆರಿಸಿದರೆ ವಿವರಗಳ ಪಟ್ಟಿಯ ಮೂರನೆಯದು ಕಾಣಿಸುತ್ತದೆ.

ಪರೀಕ್ಷಿಸಲು ಫೋನಿನಲ್ಲಿ ‘ಎಂಐಟಿ ಎಐ2 ಕಂಪ್ಯಾನಿಯನ್’ ಎಂಬ ಆ್ಯಪನ್ನು ಹಾಕಿಕೊಳ್ಳಬೇಕು. ಫೋನು ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈಯಲ್ಲಿದ್ದು, ಲ್ಯಾಪ್‌ಟಾಪಿನ ಪರದೆಯ ಕ್ಯೂಆರ್ ಕೋಡನ್ನು ಫೋನು ಓದಿದೊಡನೆ ಅರೆಬರೆ ಸಿದ್ಧವಾದ ಆ್ಯಪ್ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಬಟನಿನ ಬಣ್ಣ ಬದಲಿಸಿದರೆ ಕೈಯಲ್ಲಿರುವ ಫೋನಿನಲ್ಲೂ ಅದು ಬದಲಾಗುತ್ತದೆ. ಅದುವರೆಗೆ ಬೇರೆಯವರು ಕೊಟ್ಟದ್ದನ್ನು ಮಾತ್ರ ತೋರಿಸುತ್ತಿದ್ದ ಫೋನು ತನ್ನ ಮಾತು ಕೇಳಿದ ಆ ಕ್ಷಣ, ಕಲಿಯುವವರನ್ನು ಮುಂದಕ್ಕೆ ಒಯ್ಯುವ ಶಕ್ತಿ.

ತಪ್ಪು ಕಲಿಸುವ ಪಾಠ

ಮುಂದಿನ ಘಟ್ಟವೇ ತಪ್ಪುಗಳದು. ಇಪ್ಪತ್ತು ಹೆಸರುಗಳಿವೆ, ಆದರೆ ಟೈಪ್ ಮಾಡುವಾಗ ಏಳನೆಯ ವಿವರ ಕೈತಪ್ಪಿಹೋಗಿದೆ ಎಂದಿಟ್ಟುಕೊಂಡರೆ ಏನಾಗುತ್ತದೆ? ಮೊದಲ ಆರು ಹೆಸರುಗಳು ಸರಿಯಾಗಿಯೇ ನಡೆಯುತ್ತವೆ. ಏಳನೆಯದನ್ನು ಒತ್ತಿದರೆ ಎಂಟನೆಯದರ ವಿವರ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ಬೈಲಿಗೂ ಪಕ್ಕದ ಬೈಲಿನ ಕತೆ ಅಂಟಿಕೊಳ್ಳುತ್ತದೆ. ಇಪ್ಪತ್ತನೆಯದನ್ನು ಒತ್ತಿದರೆ ‘ಹತ್ತೊಂಬತ್ತೇ ಇರುವ ಪಟ್ಟಿಯಿಂದ ಇಪ್ಪತ್ತನೆಯದನ್ನು ಕೇಳಲಾಗಿದೆ’ ಎಂಬರ್ಥದ ದೂರು ಪರದೆಯಲ್ಲಿ ಕಾಣುತ್ತದೆ.

ಇಲ್ಲಿ ಎರಡು ಪಾಠಗಳಿವೆ. ಯಂತ್ರ ದೂರಿದ ತಪ್ಪಿಗಿಂತ ದೂರದೆ ಬಿಟ್ಟ ತಪ್ಪು ಹೆಚ್ಚು ಅಪಾಯಕಾರಿ ಎಂಬುದು ಮೊದಲನೆಯದು. ಇಪ್ಪತ್ತನೆಯ ಹೆಸರನ್ನು ಯಾರೂ ಒತ್ತದೇ ಹೋಗಿದ್ದರೆ, ತಪ್ಪು ವಿವರಗಳೇ ಊರಿನ ಇತಿಹಾಸವಾಗಿ ಹರಡುತ್ತಿದ್ದವು. ಒಟ್ಟಿಗೆ ಇರಬೇಕಾದ ಸಂಗತಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಇಡಬಾರದೆಂಬುದು ಎರಡನೆಯದು. ಹೆಸರನ್ನೂ ಅದರ ವಿವರವನ್ನೂ ಜೋಡಿಯಾಗಿ ಕಟ್ಟಿಟ್ಟು, ಹೆಸರನ್ನು ಕೊಟ್ಟು ವಿವರವನ್ನು ಕೇಳುವ ಬ್ಲಾಕುಗಳು ಆ್ಯಪ್ ಇನ್ವೆಂಟರಿನಲ್ಲಿವೆ. ಹಾಗೆ ಮಾಡಿದರೆ ಒಂದು ವಿವರ ತಪ್ಪಿಹೋದರೂ ಉಳಿದವು ಜಾರುವುದಿಲ್ಲ.

ಒಂದು ಸಣ್ಣ ಬದಲಾವಣೆ, ಕೂಡಲೇ ಒಂದು ಪರೀಕ್ಷೆ, ಈ ಕ್ರಮವನ್ನು ಆರಂಭದಲ್ಲೇ ರೂಢಿಸಿಕೊಳ್ಳಬೇಕು. ಹತ್ತು ಬದಲಾವಣೆ ಮಾಡಿ ಒಮ್ಮೆ ಪರೀಕ್ಷಿಸಿದವರಿಗೆ ಕೆಟ್ಟದ್ದು ಎಲ್ಲಿಂದ ಎಂಬುದು ತಿಳಿಯದು. ನಡೆಯುತ್ತಿರುವ ಹಂತದಲ್ಲಿ ಆಗಾಗ ಪ್ರಾಜೆಕ್ಟಿನ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ ತೆಗೆದಿಡುವುದೂ ಅಗತ್ಯ.

ಈಗ ಕೇಳಿದ್ದನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಕೈಗೆಟಕುವಂತಿವೆ. ಅವುಗಳ ನೆರವು ಪಡೆಯುವುದು ತಪ್ಪಲ್ಲ. ಆದರೆ ಆ್ಯಪಿನ ಪ್ರತಿಯೊಂದು ಬ್ಲಾಕು ಏಕೆ ಅಲ್ಲಿದೆ ಎಂಬುದನ್ನು ಕಟ್ಟಿದವರು ತಮ್ಮ ಮಾತಿನಲ್ಲಿ ಹೇಳಬಲ್ಲವರಾಗಿರಬೇಕು. ಹೇಳಲಾಗದಿದ್ದರೆ ಆ್ಯಪ್ ಸಿದ್ಧವಾಗಿದೆ, ಕಲಿಕೆ ಆಗಿಲ್ಲ ಎಂದರ್ಥ.

ಕನ್ನಡದ ಲೆಕ್ಕ

ಇಂಗ್ಲಿಷಿನಲ್ಲಿ ಆ್ಯಪ್ ಕಲಿಯುವವರಿಗೆ ಎದುರಾಗದ ಕೆಲವು ಸಂಗತಿಗಳು ಕನ್ನಡದಲ್ಲಿ ಕಟ್ಟುವವರಿಗೆ ಎದುರಾಗುತ್ತವೆ. ‘ಮಂಜೇಶ್ವರ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಮಂ, ಜೇ, ಶ್ವ, ರ, ನಾಲ್ಕು ಎಂದು ಒಂದನೆಯ ತರಗತಿಯ ಮಗುವೂ ಹೇಳೀತು. ಆ್ಯಪಿನ ಉದ್ದವಳೆಯುವ ಬ್ಲಾಕು ಎಂಟು ಎನ್ನುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಮ, ಸೊನ್ನೆ, ಜ, ಏತ್ವ, ಶ, ಹಲಂತ, ವ, ರ, ಪ್ರತಿಯೊಂದೂ ಬೇರೆ ಬೇರೆ ಸಂಕೇತ. ಊರ ಹೆಸರಿನ ಅಕ್ಷರಗಳನ್ನು ಚದುರಿಸಿ ಒಗಟು ಮಾಡುವ ಆಟವನ್ನು ಆ್ಯಪಿಗೆ ಸೇರಿಸಲು ಹೋದರೆ, ಒತ್ತಕ್ಷರ ಒಡೆದು ಏತ್ವ ಎಲ್ಲೋ ಹಲಂತ ಎಲ್ಲೋ ಬಿದ್ದು ಓದಲಾಗದ ಗುರುತುಗಳಾಗುತ್ತವೆ. ಹೆಸರನ್ನು ಅಕ್ಷರಗಳಾಗಿ ತಾವೇ ಬಿಡಿಸಿ, ನಡುವೆ ಅಲ್ಪವಿರಾಮವನ್ನಿಟ್ಟು ಪಟ್ಟಿಯಲ್ಲಿ ಕೊಡುವುದು ಹೊಸಬರಿಗೆ ಸರಳ ಪರಿಹಾರ.

ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾದದ್ದು 1991ರಲ್ಲಿ. ಅದರಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ಮೀಸಲಾಗಿತ್ತು. ಆದರೆ ಕನ್ನಡದ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ ಹಳೆಯ ಫಾಂಟುಗಳ ಬರಹ ಇನ್ನೂ ಹೇರಳವಾಗಿದೆ. ಅಂತಹ ಕಡತದಿಂದ ಪಠ್ಯವನ್ನು ನೇರವಾಗಿ ತಂದು ಆ್ಯಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು. ಟೈಪ್ ಮಾಡಲು ಕರಾವಳಿಯವರೇ ಆದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವಿದೆ. ಅದು ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ಕೆಲವೇ ದಿನಗಳಲ್ಲಿ ಕೈಗೆ ಹತ್ತುತ್ತದೆ.

ವಿಂಗಡಣೆಯಲ್ಲೂ ಒಂದು ಸೂಕ್ಷ್ಮವಿದೆ. ಕನ್ನಡದ ವರ್ಣಮಾಲೆಯಲ್ಲಿ ‘ಳ’ ಕೊನೆಯದು. ಯೂನಿಕೋಡಿನ ಸಂಕೇತಕ್ರಮದಲ್ಲಾದರೋ ಅದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು ನಿಂತಿದೆ. ಸಂಕೇತಕ್ರಮದಲ್ಲೇ ಜೋಡಿಸಿದರೆ ‘ಬೇಳ’ ಎಂಬುದು ‘ಬೇಸಾಯ’ಕ್ಕಿಂತ ಮೊದಲು ಬರುತ್ತದೆ; ಕನ್ನಡ ನಿಘಂಟಿನಲ್ಲಿ ಇದು ತಿರುಗುಮುರುಗು. ಹುಡುಕುವ ಸೌಲಭ್ಯವಿದ್ದರೆ ಇನ್ನೊಂದು ತೊಡಕು: ಒಬ್ಬರು ‘ಪೆರಡಾಲ’ ಎಂದು ಬರೆದರೆ ಇನ್ನೊಬ್ಬರು ‘ಪೆರ್ಡಾಲ’ ಎನ್ನುತ್ತಾರೆ. ಯಂತ್ರಕ್ಕೆ ಅವು ಎರಡು ಊರುಗಳು. ಒಂದೊಂದು ಹೆಸರಿಗೂ ರೂಢಿಯಲ್ಲಿರುವ ಎಲ್ಲ ಕಾಗುಣಿತಗಳನ್ನು ಸೇರಿಸಿಟ್ಟರೆ ಯಾರು ಹೇಗೆ ಬರೆದರೂ ಊರು ಸಿಗುತ್ತದೆ.

ಇವು ಬರಿಯ ತಾಂತ್ರಿಕ ಕಿರಿಕಿರಿಗಳಲ್ಲ. ತಾನು ದಿನವೂ ಬರೆಯುವ ಲಿಪಿ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಕಾಗುಣಿತ ಕಲಿತ ದಿನದ ಬಳಿಕ ಮತ್ತೊಮ್ಮೆ ಬೆರಗಿನಿಂದ ನೋಡುವ ಅವಕಾಶ ಇಲ್ಲಿದೆ.

ದನಿ ಮತ್ತು ಒಪ್ಪಿಗೆ

ಬರಹವನ್ನು ಓದಿ ಹೇಳುವ ಬಿಡಿಭಾಗವೊಂದು ಆ್ಯಪ್ ಇನ್ವೆಂಟರಿನಲ್ಲಿದೆ. ಫೋನಿನಲ್ಲಿ ಕನ್ನಡದ ಧ್ವನಿ ಇದ್ದರೆ ಅದು ಕನ್ನಡವನ್ನೂ ಓದುತ್ತದೆ. ಆದರೆ ಊರ ಹೆಸರನ್ನು ಊರವರು ಎಲ್ಲಿ ಎಳೆಯುತ್ತಾರೆ, ಕೊನೆಯ ಉಕಾರವನ್ನು ಎಷ್ಟು ಮೆಲ್ಲಗೆ ನುಡಿಯುತ್ತಾರೆ ಎಂಬುದು ಆ ಧ್ವನಿಗೆ ಗೊತ್ತಿಲ್ಲ. ಇಲ್ಲಿ ಅಜ್ಜಿಯ ದನಿಗೆ ಬದಲಿಯಿಲ್ಲ. ಫೋನಿನಲ್ಲೇ ಮುದ್ರಿಸಿದ ಕೆಲವು ಸೆಕೆಂಡುಗಳ ಕಡತ ಸಾಕು. ಪ್ರಾಜೆಕ್ಟಿನ ಒಟ್ಟು ಗಾತ್ರಕ್ಕೆ ಮಿತಿಯಿರುವುದರಿಂದ ಒಂದೊಂದು ಹೆಸರಿಗೆ ಒಂದೊಂದು ಚುಟುಕು ಮುದ್ರಣವೇ ಮೇಲು.

ದನಿಯನ್ನು ಮುದ್ರಿಸುವ ಮೊದಲು, ಅದು ಆ್ಯಪಿನಲ್ಲಿ ಇರುತ್ತದೆ, ಊರಿನ ಹಲವರು ಕೇಳುತ್ತಾರೆ ಎಂಬುದನ್ನು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಖಾಸಗಿ ಜಾಗದಲ್ಲಿರುವ ಸುರಂಗ, ಕೆರೆಗಳ ವಿಷಯದಲ್ಲಿ ಮನೆಯವರನ್ನು ಕೇಳಬೇಕು. ಆ್ಯಪ್ ಕೂಡ ಬಳಸುವವರಿಂದ ಬೇಡದ್ದನ್ನು ಕೇಳಬಾರದು. ಹೆಸರು ತೋರಿಸಿ ದನಿ ಕೇಳಿಸುವ ಆ್ಯಪಿಗೆ ಫೋನಿನ ಸಂಪರ್ಕಪಟ್ಟಿಯಾಗಲಿ ಕ್ಯಾಮೆರಾ ಆಗಲಿ ಬೇಕಿಲ್ಲ. ಅನುಮತಿಗಳನ್ನು ವಿವೇಚನೆಯಿಲ್ಲದೆ ಬೇಡುವ ಆ್ಯಪುಗಳನ್ನು ಕಂಡು ಬೇಸತ್ತವರು, ತಾವೇ ಕಟ್ಟುವಾಗ ಬೇರೆ ಮಾದರಿಯನ್ನು ಹಾಕಿಕೊಡಬಹುದು.

ಊರಿಗೆ ಹಂಚುವ ದಾರಿ

ಸಿದ್ಧವಾದ ಆ್ಯಪನ್ನು ‘ಎಪಿಕೆ’ ಎಂಬ ಕಡತವಾಗಿ ಪಡೆದು ಹತ್ತಿರದವರ ಫೋನುಗಳಿಗೆ ನೇರವಾಗಿ ಕಳುಹಿಸಬಹುದು. ಅದನ್ನು ತೆರೆಯುವಾಗ ಫೋನು ಎಚ್ಚರಿಕೆ ನೀಡುತ್ತದೆ. ಆ ಎಚ್ಚರಿಕೆ ಸರಿಯಾದದ್ದೇ. ಗುರುತಿಲ್ಲದವರು ಕಳುಹಿಸಿದ ಎಪಿಕೆಯನ್ನು ಎಂದೂ ತೆರೆಯಬಾರದು. ಆದ್ದರಿಂದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳುವ ಬದಲು ಮನೆಗೆ ಹೋಗಿ, ತೋರಿಸಿ, ಹಾಕಿಕೊಡುವುದು ಮೇಲು. ಹೋದಲ್ಲೆಲ್ಲ ಇನ್ನೊಂದು ಲಾಭವೂ ಇದೆ. “ಇದರ ಹೆಸರು ಹಾಗಲ್ಲ, ಹೀಗೆ” ಎಂದು ತಿದ್ದುವವರು, “ಇನ್ನೊಂದು ಹೆಸರು ಬಿಟ್ಟುಹೋಗಿದೆ” ಎಂದು ಸೇರಿಸುವವರು ಅಲ್ಲೇ ಸಿಗುತ್ತಾರೆ.

ಗೂಗಲ್ ಪ್ಲೇ ಸ್ಟೋರಿನಲ್ಲಿ ಪ್ರಕಟಿಸಬೇಕೆಂದರೆ 18 ವರ್ಷ ತುಂಬಿದವರು ಖಾತೆ ತೆರೆದು ಒಂದು ಬಾರಿಗೆ 25 ಡಾಲರ್ ಶುಲ್ಕ ಕಟ್ಟಬೇಕು. 2023ರ ನವೆಂಬರ್ ಮಧ್ಯದ ಬಳಿಕ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ನಿಯಮವಿದೆ: ಪ್ರಕಟಣೆಗೆ ಮುನ್ನ ಕನಿಷ್ಠ 12 ಜನ ಸತತ 14 ದಿನ ಆ್ಯಪಿನ ಪರೀಕ್ಷಕರಾಗಿರಬೇಕು. ಮೊದಲು ಈ ಸಂಖ್ಯೆ 20 ಇತ್ತು. ನಗರದ ಒಂಟಿ ಕೋಣೆಯಲ್ಲಿ ಕೂತು ಆ್ಯಪ್ ಕಟ್ಟುವವರಿಗೆ ಹನ್ನೆರಡು ಪರೀಕ್ಷಕರನ್ನು ಹುಡುಕುವುದು ಕಷ್ಟವಾದೀತು. ಊರಿಗಾಗಿ ಕಟ್ಟಿದವರಿಗೆ ಒಂದು ಓಣಿಯ ಮನೆಗಳು ಸಾಕು.

ಮುಂದಿನ ಮೆಟ್ಟಿಲು

ಬ್ಲಾಕುಗಳಲ್ಲಿ ಒಂದೆರಡು ಆ್ಯಪುಗಳನ್ನು ಮುಗಿಸಿದವರಿಗೆ ಅವುಗಳ ಮಿತಿ ತಾನಾಗಿ ತಿಳಿಯುತ್ತದೆ. ಆಗ ‘ಆಂಡ್ರಾಯ್ಡ್ ಸ್ಟುಡಿಯೋ’ ಮತ್ತು ‘ಕೋಟ್ಲಿನ್’ ಭಾಷೆಯ ಕಡೆಗೆ ಹೊರಳಬಹುದು. ಜೆಟ್‌ಬ್ರೇನ್ಸ್ ಸಂಸ್ಥೆ ರೂಪಿಸಿದ ಈ ಭಾಷೆಗೆ ಗೂಗಲ್ 2017ರಲ್ಲಿ ಅಧಿಕೃತ ಬೆಂಬಲ ನೀಡಿತು. 2019ರಿಂದ ಆಂಡ್ರಾಯ್ಡಿಗೆ ಅದೇ ಆದ್ಯತೆಯ ಭಾಷೆ. ಕೋಟ್ಲಿನ್ ಎಂಬುದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒಂದು ದ್ವೀಪದ ಹೆಸರು. ಯಾರದೋ ಊರಿನ ಹೆಸರು ಹೀಗೆ ಲೋಕವನ್ನೆಲ್ಲ ಸುತ್ತುತ್ತಿದೆ. ಹೊಸಬರಿಗಾಗಿ ಗೂಗಲ್ ಸಿದ್ಧಪಡಿಸಿದ ‘ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್’ ಎಂಬ ಉಚಿತ ಪಾಠಕ್ರಮ ಹುಟ್ಟುಹಬ್ಬದ ಶುಭಾಶಯ ಪತ್ರ, ದಾಳ ಉರುಳಿಸುವ ಆ್ಯಪ್ ಮುಂತಾದ ಪುಟ್ಟ ಅಭ್ಯಾಸಗಳಿಂದ ಮುಂದುವರಿಯುತ್ತದೆ. ಇದಕ್ಕೆ ಕನಿಷ್ಠ 8 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್ ಬೇಕು. ಪಟ್ಟಿಯ ಎಣಿಕೆ ಆ್ಯಪ್ ಇನ್ವೆಂಟರಿನಲ್ಲಿ ಒಂದರಿಂದ ಆರಂಭವಾದರೆ ಕೋಟ್ಲಿನ್‌ನಲ್ಲಿ ಸೊನ್ನೆಯಿಂದ ಎಂಬುದನ್ನು ಮರೆಯದಿದ್ದರೆ ಒಂದು ಸಂಜೆಯ ತಲೆನೋವು ತಪ್ಪುತ್ತದೆ.

ಬಹುಭಾಷೆಯ ನಾಡಿಗೆ ಇಲ್ಲೊಂದು ಅನುಕೂಲವಿದೆ. ಆ್ಯಪಿನಲ್ಲಿ ಕಾಣುವ ಮಾತುಗಳನ್ನೆಲ್ಲ ಒಂದು ಕಡತದಲ್ಲಿಟ್ಟು, ಕನ್ನಡದ್ದನ್ನು ‘ವ್ಯಾಲ್ಯೂಸ್-ಕೆಎನ್’ ಎಂಬ ಫೋಲ್ಡರಿನಲ್ಲೂ ಮಲಯಾಳದ್ದನ್ನು ‘ವ್ಯಾಲ್ಯೂಸ್-ಎಂಎಲ್’ ಎಂಬುದರಲ್ಲೂ ಇರಿಸಿದರೆ, ಫೋನಿನ ಭಾಷೆ ಯಾವುದೋ ಆ್ಯಪ್ ಅದೇ ಭಾಷೆಯಲ್ಲಿ ತೆರೆದುಕೊಳ್ಳುತ್ತದೆ. ಪಕ್ಕದ ಮನೆಯ ಮಲಯಾಳಿ ಗೆಳತಿಯೊಡನೆ ಕೂತು ಕಟ್ಟಬಹುದಾದ ಆ್ಯಪಿದು.

ಕಾಸರಗೋಡಿನ ಮಾತು ತಾಳವಾಡಿಗೂ ಅಕ್ಕಲಕೋಟೆಗೂ ಜತ್ತಿಗೂ ಮಡಕಶಿರಕ್ಕೂ ಸಲ್ಲುತ್ತದೆ. ಅಲ್ಲಿ ಬೈಲಿನ ಬದಲು ಹೊಲವಿದ್ದೀತು, ಸುರಂಗದ ಬದಲು ಬಾವಿಯಿದ್ದೀತು. ಹೆಸರು ಬಲ್ಲ ಹಿರಿಯರೂ ಫೋನು ಹಿಡಿದ ಕಿರಿಯರೂ ಎಲ್ಲ ಕಡೆ ಇದ್ದಾರೆ. ಕನ್ನಡದ ಆ್ಯಪುಗಳು ಬೆಂಗಳೂರಿನಿಂದ ಬರಲೆಂದು ಕಾಯುವುದು ಒಂದು ದಾರಿ. ಆದರೆ ಗಡಿಯಾಚೆಯ ಈ ಊರುಗಳ ಹೆಸರುಗಳನ್ನು ಬೆಂಗಳೂರು ಬಲ್ಲುದೆಂದು ನಿರೀಕ್ಷಿಸುವಂತಿಲ್ಲ. ಬಲ್ಲವರು ಇಲ್ಲಿಯೇ ಇದ್ದಾರೆ, ಅವರ ವಯಸ್ಸು ಏರುತ್ತಿದೆ.

ಆ್ಯಪ್ ಕಲಿಯಲು ಇಂದು ತಪ್ಪಿದರೆ ನಾಳೆಯಿದೆ. ಸಾಧನಗಳು ಬದಲಾದರೂ ಇನ್ನೂ ಸುಲಭವಾದವು ಬಂದಾವು. ಬೈಲಿನ ಹೆಸರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಸಿಗುವವರೆಗೆ ಕಾಯದೆ, ಮೊದಲ ಕೆಲಸವನ್ನು ಈ ಭಾನುವಾರವೇ ಮುಗಿಸಬಹುದು: ಒಂದು ಬರೆಯುವ ಪುಸ್ತಕ, ಒಂದು ಪೆನ್ಸಿಲು, ಅಜ್ಜಿಯ ಬಳಿ ಒಂದು ಗಂಟೆ. ಆ್ಯಪಿನ ಬಹುಭಾಗ ಅಲ್ಲಿಗೇ ಸಿದ್ಧವಾದಂತೆ. ಉಳಿದದ್ದು ಮುಗಿದ ದಿನ ಅಜ್ಜಿ ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರೆ, ಮೊಮ್ಮಗಳು ಮಾತಾಡಬೇಕಾಗಿಲ್ಲ. ಬಟನ್ ಒತ್ತಿ, ಅಜ್ಜಿಯ ದನಿಯನ್ನೇ ಅಜ್ಜಿಗೆ ಕೇಳಿಸಿದರಾಯಿತು.